ಮೂರನೇ ಸಲವೂ ಹೋದ ಹೆಡ್ ಗ್ಯಾಸ್ಕೆಟ್: ಒಂದು ಪಿಕಪ್ ಇಂಜಿನ್‌ನ ತಪಾಸಣೆ

ಹಿನ್ನೆಲೆ

ಗಾಡಿ ಒಂದು ಪಿಕಪ್. ಮಂಗಳೂರಿನ ಮೀನುಗಾರಿಕಾ ದಕ್ಕೆಯಲ್ಲಿ ಮೀನು, ಐಸ್ ತುಂಬಿಕೊಂಡು ಶಿರಾಡಿ ಘಾಟಿ ಹತ್ತಿ ಹಾಸನದ ಕಡೆ ಹೋಗುವುದು ಅದರ ಕೆಲಸ. ಬರುವಾಗ ತರಕಾರಿ, ಇಲ್ಲವೇ ಖಾಲಿ. ಅಂದರೆ ಲೋಡ್ ಇರುವಾಗಲೇ ಏರು, ಖಾಲಿ ಇರುವಾಗ ಇಳಿಜಾರು. ಘಾಟಿಯ ಬುಡದ ಗುಂಡ್ಯ ದಾಟಿದ ಮೇಲೆ ಲಾರಿಗಳ ಹಿಂದೆ ಎರಡನೇ ಗೇರ್‌ನಲ್ಲೇ ತೆವಳಬೇಕು. ಇಂಜಿನ್ ಜೋರಾಗಿ ದುಡಿಯುತ್ತದೆ, ಎದುರಿನಿಂದ ಗಾಳಿ ಮಾತ್ರ ಬರುವುದಿಲ್ಲ. ಕೂಲಿಂಗ್‌ನಲ್ಲಿ ಎಲ್ಲೇ ಕೊರತೆ ಇದ್ದರೂ ಹೊರಗೆ ಬೀಳುವುದು ಇಂಥ ರಸ್ತೆಯಲ್ಲಿ.

ಇಂಜಿನ್ ನಾಲ್ಕು ಸಿಲಿಂಡರ್ ಡೀಸೆಲ್. ಪಿಸ್ಟನ್ ಓಡಾಡುವ ಕೆಳಭಾಗ, ಅಂದರೆ ಬ್ಲಾಕ್, ಕಬ್ಬಿಣ. ಅದರ ಮೇಲೆ ಮುಚ್ಚಳದ ಹಾಗೆ ಕೂರುವ ಹೆಡ್ ಅಲ್ಯೂಮಿನಿಯಂ. ಎರಡರ ನಡುವೆ ಗ್ಯಾಸ್, ನೀರು, ಆಯಿಲ್ ಸೋರದ ಹಾಗೆ ತಡೆಯುವ ತೆಳು ಹಾಳೆಯೇ ಹೆಡ್ ಗ್ಯಾಸ್ಕೆಟ್. ವಾಲ್ವ್ ತೆರೆಯುವ ಕ್ಯಾಮ್ ಹೆಡ್ಡಿನ ಮೇಲೆಯೇ. ಒಳಗೆ ಬೇರೆ ಕೊಳವೆ (ಲೈನರ್) ಇಲ್ಲ, ಪಿಸ್ಟನ್ ಓಡಾಡುವ ತೂತು, ಅಂದರೆ ಬೋರ್, ನೇರ ಬ್ಲಾಕ್‌ನಲ್ಲೇ. ಕಂಪನಿ, ಮಾಡೆಲ್, ಮಾಲೀಕರ ಊರು ಎಲ್ಲ ಬೇಕೆಂದೇ ಬಿಟ್ಟಿದ್ದೇನೆ. ಇದೇ ಕಥೆ ಬೇರೆ ಬೇರೆ ಗಾಡಿಯಲ್ಲಿ ನಡೆಯುತ್ತಲೇ ಇರುತ್ತದೆ.

ನನ್ನದು ಇಂಜಿನ್ ಬೋರಿಂಗ್, ಹೆಡ್ ಫೇಸಿಂಗ್ (ಹೆಡ್ಡಿನ ಕೆಳಮುಖವನ್ನು ಮಷಿನ್‌ನಲ್ಲಿ ಕೆತ್ತಿ ಸಪಾಟು ಮಾಡುವುದು) ಮಾಡುವ ಶಾಪ್. ಗ್ಯಾರೇಜಿನವರು ಬಿಚ್ಚಿ ತರುತ್ತಾರೆ, ನಾವು ಅಳತೆ ಮಾಡಿ ಮಷಿನ್‌ಗೆ ಹಾಕುತ್ತೇವೆ. ಈ ಗಾಡಿಯ ಹಿಂದಿನ ಎರಡು ರಿಪೇರಿ ಬೇರೆ ಕಡೆ ಆಗಿದ್ದವು. ಮೊದಲ ಸಲ ಘಾಟಿಯಲ್ಲಿ ನೀರು ಕುದಿದಾಗ ಗ್ಯಾಸ್ಕೆಟ್ ಬದಲಿಸಿ, ನೀರು ಬಿಸಿಯಾದಾಗ ರೇಡಿಯೇಟರ್ ದಾರಿ ತೆರೆಯುವ ಥರ್ಮೋಸ್ಟಾಟನ್ನು ತೆಗೆದು ಬಿಸಾಕಿದ್ದರು. ಕೆಲವು ತಿಂಗಳ ನಂತರ ಮತ್ತೆ ಹೋಯಿತು. ಆಗ ಹೆಡ್ ಫೇಸಿಂಗ್ ಮಾಡಿಸಿ, ಹೊಸ ಗ್ಯಾಸ್ಕೆಟ್ ಹಾಕಿ, ಹಳೇ ಬೋಲ್ಟನ್ನೇ ಬಿಗಿದರು. ಅದು ಮೊದಲಿನಷ್ಟು ದಿನವೂ ಬಾಳಲಿಲ್ಲ. ಮೂರನೇ ಸಲ ಮಾಲೀಕರು ಗ್ಯಾರೇಜ್ ಬದಲಿಸಿದರು. ಹೊಸ ಮೆಕ್ಯಾನಿಕ್ ಹೆಡ್ ಬಿಚ್ಚಿ ನನ್ನ ಹತ್ತಿರ ತಂದ.

ಹೆಡ್ ಒಂದೇ ಬಂತು

"ಅಣ್ಣ, ಒಂದು ಲೈಟ್ ಫೇಸಿಂಗ್ ಹೊಡೆದು ಕೊಡಿ, ಸಂಜೆಗೆ ಬೇಕು" ಅಂದ. ಈ ಮಾತು ಕೇಳಿದ ಕೂಡಲೇ ಮಷಿನ್ ಆನ್ ಮಾಡುವುದು ಸುಲಭ. ಆದರೆ ಫೇಸಿಂಗ್ ಮಾಡಿದ ಮೇಲೆ ಹೆಡ್ ಹೇಗೆ ಬಾಗಿತ್ತು, ಎಲ್ಲಿ ಸೋರಿತ್ತು ಎಂದು ತೋರಿಸುವ ಗುರುತೆಲ್ಲ ಚೂರಾಗಿ ಕಸದ ಬುಟ್ಟಿ ಸೇರುತ್ತದೆ. ಹಿಂದಿನ ಸಲ ಆಗಿದ್ದೂ ಅದೇ.

ಹಳೇ ಗ್ಯಾಸ್ಕೆಟ್ ಎಲ್ಲಿ ಎಂದು ಕೇಳಿದೆ. ಗುಜರಿ ಡಬ್ಬಿಯಲ್ಲಿ ಅಂದ. ಬಿಚ್ಚುವ ಮೊದಲು ಕಂಪ್ರೆಷನ್ (ಪಿಸ್ಟನ್ ಒತ್ತಿದಾಗ ಸಿಲಿಂಡರ್‌ನಲ್ಲಿ ಏರುವ ಒತ್ತಡ) ನೋಡಿದ್ದೀಯಾ ಎಂದು ಕೇಳಿದೆ. ಹುಡುಗ ಜಾಣ, ನೋಡಿ ಬರೆದಿಟ್ಟಿದ್ದ. 1 ಮತ್ತು 4ನೇ ಸಿಲಿಂಡರ್‌ನಲ್ಲಿ 28 ಬಾರ್ ಹತ್ತಿರ, 2 ಮತ್ತು 3ರಲ್ಲಿ 19. ಇನ್ನೊಂದು ವಿಷಯವನ್ನೂ ಗಮನಿಸಿದ್ದ. ಬೆಳಿಗ್ಗೆ ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಿ ಒಂದು ನಿಮಿಷ ಆಗುವುದರೊಳಗೆ ರೇಡಿಯೇಟರ್‌ನ ಮೇಲಿನ ಹೋಸ್ ಕಲ್ಲಿನ ಹಾಗೆ ಗಟ್ಟಿಯಾಗುತ್ತಿತ್ತು. ನೀರು ಇನ್ನೂ ಬಿಸಿಯೇ ಆಗಿಲ್ಲ, ಆವಿಯ ಒತ್ತಡ ಬರುವ ಹಾಗಿಲ್ಲ. ಹಾಗಾಗಿ ಸಿಲಿಂಡರ್‌ನ ಗ್ಯಾಸ್ ನೀರಿಗೆ ನುಗ್ಗುತ್ತಿದೆ ಎಂದೇ ಅರ್ಥ.

ಇವು ಎರಡು ಬೇರೆ ಬೇರೆ ಲಕ್ಷಣಗಳು. ಪಕ್ಕಪಕ್ಕದ ಎರಡು ಸಿಲಿಂಡರ್‌ನಲ್ಲಿ ಒಟ್ಟಿಗೆ ಕಂಪ್ರೆಷನ್ ಬಿದ್ದರೆ ಅವೆರಡರ ನಡುವಿನ ಗೋಡೆಯ ಮೇಲೆ ದಾರಿ ಆಗಿದೆ, ಗ್ಯಾಸ್ ಒಂದರಿಂದ ಇನ್ನೊಂದಕ್ಕೆ ಹೋಗುತ್ತಿದೆ. ಹೋಸ್ ಗಟ್ಟಿಯಾದರೆ ಗ್ಯಾಸ್ ನೀರಿಗೆ ಹೋಗುತ್ತಿದೆ. ಎರಡಕ್ಕೂ ಒಂದೇ ಕಾರಣ ಇರಬಹುದು, ಇಲ್ಲದೆಯೂ ಇರಬಹುದು. ಈ ಪ್ರಶ್ನೆಯನ್ನು ಕೊನೆಯವರೆಗೂ ಬಿಡದೆ ಇಟ್ಟುಕೊಂಡಿದ್ದರಿಂದಲೇ ಕೆಲಸ ದಾರಿಗೆ ಬಂತು.

ಗ್ಯಾಸ್ಕೆಟ್ ತರಿಸಿದೆ. 2 ಮತ್ತು 3ರ ನಡುವಿನ ಕಿರಿದಾದ ಪಟ್ಟಿ ಕಪ್ಪಾಗಿ ಸುಟ್ಟಿತ್ತು. ಉಳಿದ ಕಡೆ ಫೈರ್ ರಿಂಗ್ (ಬೋರ್ ಸುತ್ತಲಿನ ಲೋಹದ ಉಂಗುರ) ಹೊಳೆಯುತ್ತಿತ್ತು, ಅಂದರೆ ಅಲ್ಲೆಲ್ಲ ಬಿಗಿತ ಸರಿಯಾಗೇ ಕೂತಿತ್ತು. ತಿರುಗಿಸಿ ನೋಡಿದರೆ ಸುಟ್ಟ ಗುರುತು ಎರಡೂ ಮೈ ಮೇಲೆ ಒಂದೇ ಥರ ಇರಲಿಲ್ಲ. ಬ್ಲಾಕ್ ಕಡೆಯ ಮೈಯಲ್ಲಿ ಜಾಸ್ತಿ ಅಗಲ, ಹೆಡ್ ಕಡೆ ಕಡಿಮೆ. ಇದನ್ನು ಚಾಕ್‌ನಿಂದ ಗೋಡೆಯ ಮೇಲೆ ಬರೆದಿಟ್ಟೆ.

ಹೆಡ್ ಅಳತೆ

ಮುಖದ ಮೇಲಿನ ಹಳೇ ಗ್ಯಾಸ್ಕೆಟ್ ತುಣುಕುಗಳನ್ನು ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ತೆಗೆದೆವು. ಅಲ್ಯೂಮಿನಿಯಂ ಮೇಲೆ ಡ್ರಿಲ್ ಮಷಿನ್‌ಗೆ ಎಮರಿ ಡಿಸ್ಕ್ ಹಾಕಿ ಉಜ್ಜುವ ಅಭ್ಯಾಸ ಕೆಲವರಿಗೆ ಇದೆ. ನಾಲ್ಕು ಸೆಕೆಂಡು ಒಂದೇ ಕಡೆ ನಿಂತರೆ ಅಲ್ಲೊಂದು ಗುಳಿ. ಮೇಲೆ ಆ ಎಮರಿ ಪುಡಿ ಆಯಿಲ್ ದಾರಿಗೆ ಹೋಗಿ ಬೇರಿಂಗ್ ತಿನ್ನುತ್ತದೆ.

ಸ್ಟ್ರೇಟ್ ಎಡ್ಜ್ (ನಿಖರವಾಗಿ ನೇರವಿರುವ ಪಟ್ಟಿ) ಇಟ್ಟು, ಕೆಳಗಿನ ಸಂದಿಗೆ ಫೀಲರ್ ಗೇಜ್ (ಗೊತ್ತಾದ ದಪ್ಪದ ತೆಳು ಬ್ಲೇಡ್‌ಗಳು) ಹಾಕಿದೆ. ಉದ್ದಕ್ಕೆ ಎರಡು ಅಂಚು, ಅಗಲಕ್ಕೆ ಎರಡು ತುದಿ, ಮೂಲೆಯಿಂದ ಮೂಲೆಗೆ ಎರಡು, ಇಷ್ಟು ಎಲ್ಲರೂ ನೋಡುತ್ತಾರೆ. ನಾನು ನಡುವೆ ಉದ್ದಕ್ಕೆ ಒಂದು, ಪ್ರತಿ ಎರಡು ಸಿಲಿಂಡರ್ ನಡುವೆ ಅಡ್ಡಕ್ಕೆ ಒಂದೊಂದು ಸೇರಿಸುತ್ತೇನೆ. ಅಂಗಡಿಯಲ್ಲಿ ಸಿಗುವ ಸ್ಟೀಲ್ ಸ್ಕೇಲ್ ಈ ಕೆಲಸಕ್ಕೆ ಆಗದು. ಅದೇ ಬಾಗಿದ್ದರೆ ಯಾರನ್ನು ನಂಬುವುದು? ಈ ಇಂಜಿನ್‌ಗೆ ತಯಾರಕರು ಕೊಟ್ಟ ಮಿತಿ 0.05 ಮಿ.ಮೀ. ನಮಗೆ ಸಿಕ್ಕಿದ ಗರಿಷ್ಠ ಅಂತರ 0.03.

"ನೋಡಿ, ಹೆಡ್ ಸಪಾಟಾಗಿದೆ" ಅಂದ ಮೆಕ್ಯಾನಿಕ್. ಮುಖವೇನೋ ಸಪಾಟ, ಸರಿ. ಮೊನ್ನೆ ತಾನೇ ಮಷಿನ್‌ನಿಂದ ಬಂದ ಮುಖ ಸಪಾಟಿಲ್ಲದೆ ಇನ್ನೇನು?

ಹಾಗಾಗಿ ಮೇಲಿನ ಕಡೆ ನೋಡಬೇಕು. ರಾಕರ್, ವಾಲ್ವ್ ಎಲ್ಲ ತೆಗೆದು ಕ್ಯಾಮ್ ಒಂದನ್ನೇ ಕೂರಿಸಿ ಕ್ಯಾಪ್ ಬಿಗಿದೆ. ಕೈಯಲ್ಲಿ ತಿರುಗಿಸಿದರೆ ಸಲೀಸಾಗಿ ತಿರುಗಬೇಕು. ನಡುವಿನ ಎರಡು ಜರ್ನಲ್ (ಕ್ಯಾಮ್ ಕೂರುವ ಜಾಗ) ಹತ್ತಿರ ಹಿಡಿಯುತ್ತಿತ್ತು. ಹೆಡ್ ಬಿಸಿಯಾದಾಗ ಇಡೀ ಹೆಡ್ಡೇ ಬಿಲ್ಲಿನ ಹಾಗೆ ಬಾಗಿತ್ತು. ಹಿಂದಿನವರು ಕೆಳಗಿನ ಮುಖ ಮಾತ್ರ ಕೆತ್ತಿ ನೇರ ಮಾಡಿದ್ದರು. ಕ್ಯಾಮ್ ಕೂರುವ ಸಾಲಿನಲ್ಲಿ ಬಾಗು ಹಾಗೇ ಉಳಿದಿತ್ತು.

ಯಾಕೆ ಬಾಗುತ್ತದೆ ಎನ್ನುವುದಕ್ಕೆ ಸಣ್ಣ ಲೆಕ್ಕ ಸಾಕು. ಅರ್ಧ ಮೀಟರ್ ಉದ್ದದ ಅಲ್ಯೂಮಿನಿಯಂ 80 ಡಿಗ್ರಿ ಬಿಸಿಯಾದರೆ ಸುಮಾರು 0.9 ಮಿ.ಮೀ. ಉದ್ದವಾಗುತ್ತದೆ. ಅದೇ ಅಳತೆಯ ಕಬ್ಬಿಣ ಅದರ ಅರ್ಧದಷ್ಟು ಮಾತ್ರ. ಹೆಡ್ ಉದ್ದವಾಗಲು ನೋಡುತ್ತದೆ, ಬೋಲ್ಟ್‌ಗಳು ಬ್ಲಾಕ್‌ಗೆ ಕಟ್ಟಿ ಹಿಡಿದಿರುತ್ತವೆ. ಮಾಮೂಲಿ ಬಿಸಿಯನ್ನು ಲೆಕ್ಕಕ್ಕೆ ಹಿಡಿದೇ ಇಂಜಿನ್ ಮಾಡಿರುತ್ತಾರೆ. ಮಿತಿ ಮೀರಿದರೆ ನಡುಭಾಗ ಏಳುವುದೊಂದೇ ದಾರಿ.

ಹೆಡ್ಡಿನ ಎತ್ತರವನ್ನು ನಾಲ್ಕು ಮೂಲೆಯಲ್ಲಿ ಅಳೆದೆ. ಹೊಸ ಹೆಡ್ಡಿಗಿಂತ ಒಂದು ತುದಿ 0.27 ಕಡಿಮೆ, ಇನ್ನೊಂದು ತುದಿ 0.35 ಕಡಿಮೆ. ಕೆತ್ತಿದ್ದು ಓರೆಯಾಗಿ, ಅದೂ ತಯಾರಕರು ಹೇಳಿದ ಕನಿಷ್ಠ ಎತ್ತರಕ್ಕಿಂತ ಕೆಳಗೆ. ಡೀಸೆಲ್‌ನಲ್ಲಿ ಇದು ಸಣ್ಣ ಮಾತಲ್ಲ. ವಾಲ್ವ್ ಮುಖ ಹೆಡ್ ಮುಖಕ್ಕೆ ಸಮವಾಗೇ ಇರುತ್ತದೆ. ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಒಂದು ಮಿಲಿಮೀಟರ್ ಆಚೀಚೆ. ಹೆಡ್ ಕೆತ್ತಿದಷ್ಟೂ ವಾಲ್ವ್ ಕೆಳಗೆ ಬಂದ ಹಾಗೆ. ವಾಲ್ವ್ ಕೂರುವ ಸೀಟ್ ಕತ್ತರಿಸಿ ಅದನ್ನು ಒಳಗೆ ತಳ್ಳದಿದ್ದರೆ ಪಿಸ್ಟನ್ ಬಂದು ಕುಟ್ಟುತ್ತದೆ. ಕೆಲವು ಡೀಸೆಲ್ ತಯಾರಕರು ಫೇಸಿಂಗ್ ಮಾಡಲೇಬೇಡಿ, ಹೆಡ್ ಬದಲಿಸಿ ಎನ್ನುವುದು ಇದಕ್ಕೇ.

ತಣ್ಣೀರಲ್ಲಿ ಇಲ್ಲ, ಬಿಸಿನೀರಲ್ಲಿ ಇದೆ

ನಂತರ ಪ್ರೆಷರ್ ಟೆಸ್ಟ್. ನೀರಿನ ತೂತುಗಳಿಗೆಲ್ಲ ರಬ್ಬರ್ ಷೀಟ್ ಇಟ್ಟು, ಮೇಲೆ ದಪ್ಪ ಪ್ಲೇಟ್ ಬಿಗಿದು, ಒಂದು ಕಡೆಯಿಂದ 2 ಬಾರ್ ಗಾಳಿ ಬಿಟ್ಟು ಹೆಡ್ಡನ್ನು ತೊಟ್ಟಿಯಲ್ಲಿ ಮುಳುಗಿಸುತ್ತೇವೆ. ತಣ್ಣೀರಿನಲ್ಲಿ ಒಂದು ಗುಳ್ಳೆಯೂ ಬರಲಿಲ್ಲ. ಇಲ್ಲಿಗೇ ಪಾಸ್ ಎಂದು ಬರೆಯುವ ಶಾಪ್‌ಗಳು ಇವೆ.

ನಾವು ತೊಟ್ಟಿಯ ಹೀಟರ್ ಹಾಕಿ ನೀರನ್ನು 75 ಡಿಗ್ರಿಗೆ ತಂದೆವು. ಹೆಡ್ ಒಳಗಿನವರೆಗೂ ಬಿಸಿಯಾಗಬೇಕು, ಅದಕ್ಕೆ ಹೊತ್ತು ಬೇಕು. ಆಮೇಲೆ 3ನೇ ಸಿಲಿಂಡರ್‌ನ ಎಕ್ಸಾಸ್ಟ್ ವಾಲ್ವ್ ಸೀಟಿನ ಬುಡದಿಂದ ಸಣ್ಣ ಗುಳ್ಳೆಗಳ ಸಾಲು ಎದ್ದಿತು. ಲೋಹ ಹಿಗ್ಗಿದಾಗ ಮಾತ್ರ ಬಾಯಿ ಬಿಡುವ ಕ್ರ್ಯಾಕ್. ಒಣಗಿಸಿ ಡೈ ಟೆಸ್ಟ್ ಮಾಡಿದೆವು. ಮೊದಲು ಕ್ಲೀನರ್, ಆಮೇಲೆ ಕೆಂಪು ಡೈ, ಒರೆಸಿ ಬಿಳಿ ಡೆವಲಪರ್. ಬಿಳಿಯ ಮೇಲೆ ಕೂದಲಿನಷ್ಟು ತೆಳು ಕೆಂಪು ಗೆರೆ, ಸೀಟಿನ ಅಂಚಿನಿಂದ ಇಂಜೆಕ್ಟರ್ ತೂತಿನ ಕಡೆಗೆ. ಅಲ್ಯೂಮಿನಿಯಂಗೆ ಈ ಡೈ ವಿಧಾನವೇ ಸರಿ. ಅಯಸ್ಕಾಂತದ ಪುಡಿ ಹಾಕಿ ನೋಡುವುದು ಕಬ್ಬಿಣಕ್ಕೆ ಮಾತ್ರ.

ಮೆಕ್ಯಾನಿಕ್ ಮುಖದಲ್ಲಿ ನಗು ಬಂತು. "ಸಿಕ್ತಲ್ಲ ಅಣ್ಣ! ಹೆಡ್ ಚೇಂಜ್ ಮಾಡಿದ್ರೆ ಮುಗೀತು." ಮಾಲೀಕರಿಗೆ ಫೋನ್ ಮಾಡಲು ಹೊರಟ.

ಈ ಕೇಸಿನಲ್ಲಿ ಇದೇ ಅಪಾಯದ ಗಳಿಗೆ. ಒಂದು ತಪ್ಪು ಕಣ್ಣೆದುರಿಗೆ ಸಿಕ್ಕಿದ ಮೇಲೆ ಹುಡುಕುವುದು ಯಾರಿಗೂ ಬೇಡ. ಮೊದಲ ಗ್ಯಾರೇಜಿಗೆ ಸುಟ್ಟ ಗ್ಯಾಸ್ಕೆಟ್ ಸಿಕ್ಕಿತು, ಅಲ್ಲಿಗೆ ನಿಂತರು. ಎರಡನೆಯವರಿಗೆ ಬಾಗಿದ ಹೆಡ್ ಸಿಕ್ಕಿತು, ಅಲ್ಲಿಗೆ ನಿಂತರು. ನಮಗೆ ಕ್ರ್ಯಾಕ್ ಸಿಕ್ಕಿತ್ತು. ಅದು ನಿಜವಾದ ಕ್ರ್ಯಾಕೇ. ನೀರು ತಣ್ಣಗಿದ್ದರೂ ಎಕ್ಸಾಸ್ಟ್ ಸೀಟಿನ ಬುಡ ಸ್ಟಾರ್ಟ್ ಆದ ಸ್ವಲ್ಪದರಲ್ಲೇ ಬಿಸಿಯಾಗುತ್ತದೆ, ಹಾಗಾಗಿ ಹೋಸ್ ಗಟ್ಟಿಯಾಗುವುದಕ್ಕೆ ಅದು ಉತ್ತರ. ಆದರೆ 3ನೇ ಸಿಲಿಂಡರ್‌ನ ಸೀಟಿನಲ್ಲಿರುವ ಕ್ರ್ಯಾಕ್ 2ನೇ ಸಿಲಿಂಡರ್‌ನ ಕಂಪ್ರೆಷನ್ ಹೇಗೆ ಇಳಿಸುತ್ತದೆ? ಗ್ಯಾಸ್ಕೆಟ್‌ನ ಬ್ಲಾಕ್ ಕಡೆ ಮೈ ಯಾಕೆ ಜಾಸ್ತಿ ಸುಡುತ್ತದೆ? ಗೋಡೆಯ ಮೇಲೆ ಬರೆದಿದ್ದನ್ನು ತೋರಿಸಿದೆ. ಅವನು ಫೋನ್ ಜೇಬಿಗೆ ಹಾಕಿದ.

ಬ್ಲಾಕ್‌ನ ಸರದಿ

ಸ್ಟ್ರೇಟ್ ಎಡ್ಜ್ ಹಿಡಿದು ಗ್ಯಾರೇಜಿಗೇ ಹೋದೆ. ಬ್ಲಾಕ್ ಇನ್ನೂ ಗಾಡಿಯಲ್ಲೇ ಇತ್ತು. ಬೋರ್‌ಗಳಿಗೆ ಬಟ್ಟೆ ತುರುಕಿ, ಆಯಿಲ್ ತೂತು ಮುಚ್ಚಿ ಮುಖ ಕ್ಲೀನ್ ಮಾಡಿದೆವು. ಎರಡು ಉದ್ದದ ಅಂಚಿನಲ್ಲಿ 0.04. ಅಗಲದ ಎರಡು ತುದಿಯಲ್ಲೂ ಅಷ್ಟೇ. ಇಲ್ಲಿಗೆ ಬಿಟ್ಟಿದ್ದರೆ ಬ್ಲಾಕ್ ಕೂಡ ಪಾಸ್. ಸ್ಟ್ರೇಟ್ ಎಡ್ಜನ್ನು ಬೋರ್‌ಗಳ ನಡುರೇಖೆಯ ಮೇಲೆ ಇಟ್ಟಾಗ 2 ಮತ್ತು 3ರ ನಡುವೆ 0.10 ಬ್ಲೇಡ್ ಸರಾಗ ಹೋಯಿತು, 0.11 ಬಿಗಿಯಾಗಿ ಹೋಯಿತು. ಮಿತಿಯ ಎರಡರಷ್ಟಕ್ಕಿಂತ ಜಾಸ್ತಿ ತಗ್ಗು. ಬಿಸಿಗೆ ಕುಸಿದದ್ದು ಸ್ವಲ್ಪ, ಸೋರಿದ ಗ್ಯಾಸ್ ಕೊರೆದದ್ದು ಸ್ವಲ್ಪ ಇರಬೇಕು. ಎರಡು ಬೋರ್ ನಡುವಿನ ಆ ಕಿರಿದಾದ ಜಾಗ ಇಂಜಿನ್‌ನಲ್ಲೇ ಅತಿ ಹೆಚ್ಚು ಬಿಸಿಯಾಗುವ ಜಾಗಗಳಲ್ಲಿ ಒಂದು. ನೀರು ಕಡಿಮೆಯಾದರೆ ಮೊದಲು ಪೆಟ್ಟು ತಿನ್ನುವುದೂ ಅದೇ.

ಬೋಲ್ಟ್ ತೂತುಗಳ ಬಾಯಿಯಲ್ಲಿ ಉಗುರು ಆಡಿಸಿದರೆ ಕೆಲವು ಕಡೆ ಅಂಚು ಎದ್ದಿತ್ತು. ಒಳಗೆ ತಂತಿ ಹಾಕಿ ನೋಡಿದರೆ ತಳದಲ್ಲಿ ಆಯಿಲ್, ತುಕ್ಕು, ನೀರು ಸೇರಿದ ಕೆಸರು. ಈ ತೂತುಗಳಿಗೆ ಕೆಳಗೆ ದಾರಿ ಇಲ್ಲ. ಕೆಸರಿನ ಮೇಲೆ ಬೋಲ್ಟ್ ತಿರುಗಿಸಿದರೆ ಟಾರ್ಕ್ ವ್ರೆಂಚ್ (ಬಿಗಿತ ಅಳೆಯುವ ಪಾನಾ) ಕಟಕ್ ಅನ್ನುತ್ತದೆ, ಹೆಡ್ ಮಾತ್ರ ಬಿಗಿಯಾಗಿರುವುದಿಲ್ಲ. ಜಾಸ್ತಿ ದ್ರವ ಇದ್ದರೆ ಬ್ಲಾಕೇ ಸೀಳಬಹುದು. ಹಳೇ ಬೋಲ್ಟ್‌ಗಳನ್ನು ಹೊಸದರ ಪಕ್ಕ ನಿಲ್ಲಿಸಿದೆವು. ಟಾರ್ಕ್ ಕೊಟ್ಟು ಆಮೇಲೆ 90 ಡಿಗ್ರಿ ತಿರುಗಿಸುವ ಬೋಲ್ಟ್ ಇವು. ಪ್ರತಿ ಸಲ ಎಳೆದುಕೊಂಡು ಉದ್ದವಾಗುತ್ತವೆ. ನಡುವಿನವು ಬರಿಗಣ್ಣಿಗೇ ಉದ್ದ ಕಾಣುತ್ತಿದ್ದವು.

ಮಾಲೀಕರು ಬಂದರು. ಅವರ ಚಿಂತೆ ಬೇರೆ. "ಹೆಡ್ ಹಾಕುವಾ ಮಾರಾಯ್ರೆ, ಬ್ಲಾಕ್ ಮತ್ತೆ ನೋಡುವಾ. ಗಾಡಿ ನಿಂತ್ರೆ ಲೋಡು ಬೇರೆಯವರಿಗೆ ಹೋಗ್ತದೆ." ಅದೂ ಸುಳ್ಳಲ್ಲ. ಬ್ಲಾಕ್ ಫೇಸಿಂಗ್ ಅಂದರೆ ಇಂಜಿನ್ ಇಳಿಸಿ, ಕ್ರ್ಯಾಂಕ್, ಪಿಸ್ಟನ್ ಎಲ್ಲ ಬಿಚ್ಚಬೇಕು. ಖರ್ಚೂ ಜಾಸ್ತಿ, ದಿನವೂ ಜಾಸ್ತಿ. ಗ್ಯಾಸ್ಕೆಟ್‌ಗೆ ಎರಡೂ ಕಡೆ ಪೇಸ್ಟ್ ಹಚ್ಚಿ ಕೂರಿಸಬಹುದು ಎಂದು ಅಲ್ಲಿದ್ದ ಒಬ್ಬರು ಹೇಳಿದರು. ಪದರದ ಸ್ಟೀಲ್ ಗ್ಯಾಸ್ಕೆಟ್‌ಗೆ ಪೇಸ್ಟ್ ಹಚ್ಚುವುದು ಗುಣಕ್ಕಿಂತ ದೋಷವೇ. ಎಣ್ಣೆಕಲ್ಲಿನಿಂದ ಉಜ್ಜಿದರೆ ಎದ್ದ ಅಂಚು ಹೋಗುತ್ತದೆ, ತಗ್ಗು ತುಂಬುವುದಿಲ್ಲ.

ನಾನು ವಾದ ಮಾಡಲಿಲ್ಲ. ಸ್ಟ್ರೇಟ್ ಎಡ್ಜ್ ಇಟ್ಟು ಹಿಡಿದು, 0.10 ಬ್ಲೇಡ್ ಅವರ ಕೈಗೆ ಕೊಟ್ಟೆ. ಒಂದನೇ ಬೋರ್ ಹತ್ತಿರ ತೂರಿಸಿ ನೋಡಿ ಅಂದೆ. ಹೋಗಲಿಲ್ಲ. 2ರ ಮತ್ತು 3ರ ನಡುವೆ ನೋಡಿ ಅಂದೆ. ಹೋಯಿತು. ಎರಡು ಮೂರು ಸಲ ತೂರಿಸಿ ನೋಡಿದರು. "ಹೊಸ ಹೆಡ್ ಹಾಕಿದ್ರೂ ಈ ಸಂದಿ ಹೀಗೇ ಇರ್ತದಾ?" ಇರುತ್ತದೆ ಅಂದೆ. ಇಂಜಿನ್ ಇಳಿಸಲು ಒಪ್ಪಿದರು.

ಏನೇನು ಮಾಡಿದೆವು

ಹೆಡ್ ವಿಷಯ ಬೇಗ ತೀರ್ಮಾನವಾಯಿತು. ಕ್ರ್ಯಾಕನ್ನು ವೆಲ್ಡ್ ಮಾಡಬಹುದಿತ್ತು. ಬಾಗಿದ ಹೆಡ್ಡನ್ನು ಬಿಸಿ ಮಾಡಿ ನೇರ ಮಾಡುವವರೂ ಇದ್ದಾರೆ. ಆದರೆ ಎತ್ತರವೇ ಕನಿಷ್ಠಕ್ಕಿಂತ ಕೆಳಗಿರುವ ಹೆಡ್ಡಿಗೆ ಅಷ್ಟು ಖರ್ಚು ಮಾಡುವುದು ವ್ಯರ್ಥ. ಹೊಸದರ ಬೆಲೆ ಕೇಳಿ ಮಾಲೀಕರು ಸೆಕೆಂಡ್ ಹ್ಯಾಂಡ್ ಹೆಡ್ ತರುತ್ತೇನೆ ಅಂದರು. ತನ್ನಿ, ಟೆಸ್ಟ್ ಆದ ಮೇಲೆಯೇ ದುಡ್ಡು ಕೊಡುವ ಮಾತಾಡಿ ಅಂದೆ. ಮೊದಲು ತಂದದ್ದರಲ್ಲಿ ಕ್ಯಾಮ್ ತಿರುಗಲಿಲ್ಲ, ವಾಪಸ್ ಹೋಯಿತು. ಎರಡನೆಯದು ಬಿಸಿನೀರಿನ ಟೆಸ್ಟೂ ಪಾಸಾಯಿತು, ಎತ್ತರವೂ ಹೊಸದರ ಹತ್ತಿರವೇ ಇತ್ತು.

ಬ್ಲಾಕ್ ಬಿಚ್ಚುವ ಮೊದಲು ಒಂದು ಅಳತೆ ಬಿಡಬಾರದು. ಪಿಸ್ಟನ್ ತುದಿಗೆ ಬಂದಾಗ ಬ್ಲಾಕ್ ಮುಖಕ್ಕಿಂತ ಎಷ್ಟು ಮೇಲೆ ನಿಲ್ಲುತ್ತದೆ ಎಂದು ಡಯಲ್ ಗೇಜ್‌ನಲ್ಲಿ ನೋಡಬೇಕು. ನಾಲ್ಕರಲ್ಲಿ ಅತಿ ಹೆಚ್ಚು 0.58 ಇತ್ತು. ತಗ್ಗು ಹೋಗಬೇಕಾದರೆ 0.13 ಕೆತ್ತಬೇಕು. ಆಗ ಪಿಸ್ಟನ್ 0.71 ಮೇಲೆ ಬರುತ್ತದೆ. ಈ ಇಂಜಿನ್‌ಗೆ ಗ್ಯಾಸ್ಕೆಟ್ ಮೂರು ದಪ್ಪದಲ್ಲಿ ಬರುತ್ತದೆ, ಅಂಚಿನಲ್ಲಿರುವ ಕಚ್ಚುಗಳ ಲೆಕ್ಕದಿಂದ ಗುರುತು ಹಿಡಿಯಬೇಕು. ಹಳೆಯದು ಒಂದು ಕಚ್ಚಿನದು. ತಯಾರಕರ ಪಟ್ಟಿ ನೋಡಿ ದಪ್ಪದ್ದನ್ನು ತರಿಸಿದೆವು. ಅಂಗಡಿಯಲ್ಲಿ ಸುಮ್ನೆ ಗಾಡಿ ಹೆಸರು ಹೇಳಿ ಗ್ಯಾಸ್ಕೆಟ್ ತಂದರೆ ಯಾವ ದಪ್ಪದ್ದು ಕೈಗೆ ಬರುತ್ತದೋ ಹೇಳಲಾಗದು.

ಕೆತ್ತಿದ ಮೇಲೆ ಬ್ಲಾಕ್‌ಗೂ ಪ್ಲೇಟ್ ಬಿಗಿದು ಗಾಳಿ ಹಾಕಿ, ಬೋರ್ ಗೋಡೆಗೆಲ್ಲ ಸೋಪು ನೀರು ಬಳಿದು ನೋಡಿದೆವು. ಸೋರಿಕೆ ಇಲ್ಲ. ಬೋರ್ ಅಳತೆ ಮಿತಿಯೊಳಗೇ ಇತ್ತು, ರಿಂಗ್ ಮಾತ್ರ ಬದಲಾಯಿತು. ಬೋಲ್ಟ್ ತೂತುಗಳನ್ನು ಕ್ಲೀನ್ ಮಾಡಿ ಗಾಳಿ ಹೊಡೆದು ಒಣಗಿಸಿದೆವು. ಬೋಲ್ಟ್ ಎಲ್ಲ ಹೊಸದು.

ಮುಳ್ಳು ಮೇಲೆ ಹೋಗಲೇ ಇಲ್ಲವಂತೆ

ಇಷ್ಟಾದರೂ ಮೂಲ ಪ್ರಶ್ನೆ ಉಳಿದಿತ್ತು. ಮೊದಲ ಸಲ ಬಿಸಿಯಾದದ್ದು ಯಾಕೆ? ಡ್ರೈವರ್‌ನನ್ನು ಕರೆಸಿದೆವು. ಅವನದು ಒಂದೇ ಮಾತು: "ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗ್ಲೇ ಇಲ್ಲ ಸರ್. ಸ್ವಲ್ಪ ಏರಿತು, ಆಮೇಲೆ ತನ್ನಷ್ಟಕ್ಕೆ ಇಳೀತು." ಮಾಲೀಕರು ಅವನನ್ನು ನಂಬಿರಲಿಲ್ಲ. ಅವನು ಹೇಳಿದ್ದು ನಿಜ. ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿ ತೋರಿಸುತ್ತದೆ. ನೀರು ಕುದಿದು ಹೊರಗೆ ಚೆಲ್ಲಿ ಮಟ್ಟ ಇಳಿದರೆ ಸೆನ್ಸರ್ ಬರೀ ಆವಿಯಲ್ಲಿ ನಿಲ್ಲುತ್ತದೆ. ಆಗ ಮುಳ್ಳು ಇಳಿಯುತ್ತದೆ, ಇಂಜಿನ್ ಒಳಗೆ ಸುಡುತ್ತಿರುತ್ತದೆ. ಏರಿನಲ್ಲಿ ಮುಳ್ಳು ಇದ್ದಕ್ಕಿದ್ದಂತೆ ಇಳಿದರೆ ಗಾಡಿ ಬದಿಗೆ ಹಾಕಬೇಕು.

ಅವನ ಮಾತಿನಲ್ಲಿ ಇನ್ನೊಂದು ಸುಳಿವೂ ಇತ್ತು. ಸಪಾಟು ರಸ್ತೆಯಲ್ಲಿ ಏನೂ ತೊಂದರೆ ಇಲ್ಲ, ಘಾಟಿಯಲ್ಲಿ ಮಾತ್ರ. ಅಂದರೆ ಗಾಡಿ ಓಡುವ ಗಾಳಿ ಸಾಕಾಗುತ್ತಿದೆ, ಫ್ಯಾನ್ ಗಾಳಿ ಸಾಕಾಗುತ್ತಿಲ್ಲ. ಬೇರೆ ಕೆಲಸ ಮುಗಿದು ಇಂಜಿನ್ ಓಡಿಸಿ ಚೆನ್ನಾಗಿ ಬಿಸಿಯಾದ ಮೇಲೆ ಆಫ್ ಮಾಡಿ, ಫ್ಯಾನನ್ನು ಕೈಯಿಂದ ತಿರುಗಿಸಿದೆವು. ಬಿಸಿ ಇರುವಾಗ ಅದನ್ನು ಇಂಜಿನ್‌ಗೆ ಜೋಡಿಸುವ ಕಪ್ಲಿಂಗ್ ಗಟ್ಟಿಯಾಗಿ ಹಿಡಿಯಬೇಕು. ಇದು ತಡೆಯೇ ಇಲ್ಲದೆ ಸುತ್ತಿತು. ಕಪ್ಲಿಂಗ್ ನಡುವೆ ಎಣ್ಣೆ ಸೋರಿ ಧೂಳು ಮೆತ್ತಿದ ಗೆರೆಗಳಿದ್ದವು. ಒಳಗಿನ ಸಿಲಿಕಾನ್ ಎಣ್ಣೆ ಹೊರಗೆ ಹೋಗಿತ್ತು. ಅದನ್ನು ಬದಲಿಸಿದೆವು.

ಥರ್ಮೋಸ್ಟಾಟ್ ಕೂಡ ಹಾಕಿಸಿದೆ. ಕರಾವಳಿಯ ಸೆಕೆಗೆ ಥರ್ಮೋಸ್ಟಾಟ್ ಬೇಡ ಎನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿ. ಈ ಇಂಜಿನ್‌ನಲ್ಲಿ ಥರ್ಮೋಸ್ಟಾಟ್ ಪೂರ್ತಿ ತೆರೆದಾಗ ಅದರ ಕೆಳಗಿನ ತಟ್ಟೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ತೆಗೆದು ಬಿಸಾಕಿದರೆ ಬೈಪಾಸ್ ಸದಾ ತೆರೆದೇ ಇರುತ್ತದೆ. ಬಿಸಿನೀರಿನಲ್ಲಿ ಒಂದು ಪಾಲು ರೇಡಿಯೇಟರ್‌ಗೆ ಹೋಗದೆ ಇಂಜಿನ್‌ಗೇ ವಾಪಸ್. ಬರೀ ನೀರು ಸುರಿಯುವುದನ್ನು ನಿಲ್ಲಿಸಿ ಕೂಲೆಂಟ್ ಹಾಕಿಸಿದೆವು. ರೇಡಿಯೇಟರ್ ಕ್ಯಾಪ್ ಕೂಡ ಪಂಪ್ ಹಾಕಿ ನೋಡಿದರೆ 0.9 ಬಾರ್ ಹಿಡಿಯಬೇಕಾದದ್ದು ಅದರ ಅರ್ಧಕ್ಕೇ ಬಿಡುತ್ತಿತ್ತು. ಒತ್ತಡ ನಿಲ್ಲದಿದ್ದರೆ ನೀರು ಬೇಗ ಕುದಿಯುತ್ತದೆ. ಅದೂ ಹೊಸದಾಯಿತು.

ಆಮೇಲೆ

ನಾಲ್ಕೂ ಸಿಲಿಂಡರ್‌ನ ಕಂಪ್ರೆಷನ್ ಒಂದಕ್ಕೊಂದು ಹತ್ತಿರ ಬಂತು. ತಣ್ಣಗಿನ ಸ್ಟಾರ್ಟ್‌ನಲ್ಲಿ ಹೋಸ್ ಮೆತ್ತಗೇ ಇತ್ತು. ಲೋಡ್ ಹಾಕಿ ಶಿರಾಡಿ ಹತ್ತಿಸಿದ ಮೇಲೆ ಮತ್ತೆ ನೋಡಿದಾಗಲೂ ಕೂಲೆಂಟ್ ಮಟ್ಟ ಇಳಿದಿರಲಿಲ್ಲ. ಒಂದು ಮಳೆಗಾಲ, ಒಂದು ಬೇಸಿಗೆ ದಾಟಿದೆ, ಇನ್ನೂ ಹೆಡ್ ಬಿಚ್ಚಿಲ್ಲ.

ಪೂರ್ತಿ ಸುಖಾಂತ್ಯ ಅಂತ ಹೇಳಲಾರೆ. ಸೆಕೆಂಡ್ ಹ್ಯಾಂಡ್ ಹೆಡ್ಡಿನ ವಾಲ್ವ್ ಗೈಡ್ (ವಾಲ್ವ್ ಕಡ್ಡಿ ಓಡಾಡುವ ಕೊಳವೆ) ಸ್ವಲ್ಪ ಸವೆದಿತ್ತು. ಆಗ ಬದಲಿಸುವ ಎಂದಿದ್ದೆ, ಖರ್ಚು ಆಗಲೇ ಕೈ ಮೀರಿತ್ತು, ಮಾಲೀಕರು ಬೇಡ ಅಂದರು. ಈಗ ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಒಂಚೂರು ನೀಲಿ ಹೊಗೆ ಬರುತ್ತದೆ, ಆಯಿಲ್ ಸ್ವಲ್ಪ ತಿನ್ನುತ್ತದೆ. ಮುಂದೆ ಯಾವತ್ತಾದರೂ ಅದಕ್ಕೆ ಹೆಡ್ ಇಳಿಸಲೇಬೇಕು. ಮೆಕ್ಯಾನಿಕ್ ಹುಡುಗ ಮಾತ್ರ ಈಗ ಹೆಡ್ ತರುವಾಗ ಹಳೇ ಗ್ಯಾಸ್ಕೆಟ್, ಬೋಲ್ಟ್, ಕಂಪ್ರೆಷನ್ ಚೀಟಿ ಎಲ್ಲ ಒಂದೇ ಚೀಲದಲ್ಲಿ ತರುತ್ತಾನೆ. ಮಾಲೀಕರ ಹತ್ತಿರ ಇದೇ ಮಾಡೆಲ್‌ನ ಇನ್ನೊಂದು ಪಿಕಪ್ ಇದೆ. ಅದರಲ್ಲೂ ಥರ್ಮೋಸ್ಟಾಟ್ ಇಲ್ಲವಂತೆ. ಬರುವ ವಾರ ಕಳಿಸುತ್ತೇನೆ ಅಂದಿದ್ದಾರೆ.